ಎರರ್ ಪೇಜ್ ಬಾಯಿಬಿಟ್ಟ ದಿನ

ಬೆಳಿಗ್ಗೆ ಒಂಬತ್ತೂವರೆಗೆ ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಕಳಿಸಿದವರು ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರೂ ಗಂಜಿನ ಒಂದು ಅಡತಿ ಅಂಗಡಿಯ (ರೈತರ ಮಾಲು ಮಾರಿಸಿಕೊಡುವ ಅಂಗಡಿ) ಗುಮಾಸ್ತರು. ಫೋಟೋ ಕೆಳಗೆ ಒಂದೇ ಸಾಲು: 'ಸರ್, ರೈತರ ಮೊಬೈಲ್‌ದಾಗ ಹಿಂಗ ಬರಲತ್ತದ. ಏನ್ರಿ ಇದು?'

ಯಾರೋ ರೈತರ ಮಗ ತೆಗೆದ ಸ್ಕ್ರೀನ್‌ಶಾಟ್ ಅದು. ಬಿಳಿ ಪರದೆ, ಮೇಲ್ಗಡೆ ಕರಿ ಅಕ್ಷರದ ನಾಲ್ಕೈದು ಸಾಲು. ಮೊದಲ ಸಾಲಿನಲ್ಲಿ 'ಫೇಟಲ್ ಎರರ್', ಅದರ ಪಕ್ಕ 'ಟೂ ಮೆನಿ ಕನೆಕ್ಷನ್ಸ್'. ಅಷ್ಟು ಓದಿದೆ. ಸೀಸನ್ ರಶ್, ಡೇಟಾಬೇಸ್ ತಡೆದುಕೊಂಡಿಲ್ಲ ಅಂದುಕೊಂಡು ಫೋನ್ ಕೆಳಗಿಟ್ಟು ಲ್ಯಾಪ್‌ಟಾಪ್ ತೆಗೆದೆ. ಮೂರನೇ ಸಾಲು ಓದಲೇ ಇಲ್ಲ.

ಅದು 2023ರ ಜನವರಿ. ಕಲಬುರಗಿಯಲ್ಲಿ ಜನವರಿ ಅಂದರೆ ತೊಗರಿ. ಜೇವರ್ಗಿ, ಆಳಂದ, ಅಫಜಲಪುರ, ಚಿತ್ತಾಪುರ ಕಡೆಯಿಂದ ಟ್ರ್ಯಾಕ್ಟರ್‌ಗಳು ಬೆಳಗಿನ ಜಾವದಲ್ಲೇ ಗಂಜಿಗೆ ಬಂದು ನಿಲ್ಲುತ್ತವೆ. ನಮ್ಮ ತೊಗರಿಗೆ ಜಿಐ ಟ್ಯಾಗ್ ಸಿಕ್ಕಿದ್ದು 2019ರಲ್ಲಿ. ಅದೇ ವರ್ಷ ನಾನು ಈ ಅಂಗಡಿಗೆ ಒಂದು ವೆಬ್ ಆಪ್ ಮಾಡಿಕೊಟ್ಟಿದ್ದೆ. ರೈತರು ತಮ್ಮ ಮೊಬೈಲ್ ನಂಬರ್ ಹಾಕಿ, ಓಟಿಪಿ ಕೊಟ್ಟರೆ ತಮ್ಮ ಪಟ್ಟಿ ನೋಡಬಹುದು. ಎಷ್ಟು ಚೀಲ, ತೂಕ ಎಷ್ಟು, ಧಾರಣೆ ಎಷ್ಟು, ಹಣ ಯಾವ ಬ್ಯಾಂಕ್ ಖಾತೆಗೆ ಹೋಯಿತು, ಎಲ್ಲ ಅದರಲ್ಲಿದೆ. ಪಟ್ಟಿ ಕೇಳಲಿಕ್ಕೆ ಅಂತ ಬಸ್ ಹಿಡಿದು ಊರಿಂದ ಬರುವುದು ತಪ್ಪಿತು. ಈ ಕೆಲಸದ ಬಗ್ಗೆ ನನಗೆ ತುಂಬಾ ಪ್ರೀತಿ ಇತ್ತು, ಈಗಲೂ ಇದೆ.

ಅಂದರೆ ಆ ಡೇಟಾಬೇಸ್‌ನಲ್ಲಿ ರೈತರ ಹೆಸರು, ಊರು, ಫೋನ್ ನಂಬರ್, ಬ್ಯಾಂಕ್ ಖಾತೆ ನಂಬರ್ ಎಲ್ಲವೂ ಇದ್ದವು. ಅವರು ಅಂಗಡಿಯವರನ್ನು ನಂಬಿ ಕೊಟ್ಟದ್ದು. ಅಂಗಡಿಯವರು ನನ್ನನ್ನು ನಂಬಿ ಕೊಟ್ಟದ್ದು.

ಸೇಡಂ ರಸ್ತೆಯ ನನ್ನ ರೂಮಿನಲ್ಲಿ ಕೂತು ಸರ್ವರ್‌ಗೆ ಲಾಗಿನ್ ಆದೆ. ಆಪ್ ಡಾಕರ್ ಕಂಟೇನರ್‌ಗಳಲ್ಲಿ, ಅಂದರೆ ಒಂದೊಂದು ತಂತ್ರಾಂಶವನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ನಡೆಸುವ ವ್ಯವಸ್ಥೆಯಲ್ಲಿ, ನಡೆಯುತ್ತಿತ್ತು. ಎಲ್ಲವನ್ನೂ ಇಳಿಸಿ ಮತ್ತೆ ಏರಿಸಿದೆ. ಎರಡು ನಿಮಿಷದಲ್ಲಿ ಸೈಟ್ ಬಂತು. ಗುಮಾಸ್ತರಿಗೆ 'ಸರಿ ಆಯ್ತು' ಅಂತ ಕಳಿಸಿದೆ. ಚಹಾ ಸುರಿದುಕೊಂಡು, ಸುಮ್ನೆ ಒಮ್ಮೆ ಅಂತ ಆ ಫೋಟೋ ಮತ್ತೆ ತೆರೆದು ಎರಡು ಬೆರಳಿಂದ ದೊಡ್ಡದು ಮಾಡಿದೆ.

ಮೂರನೇ ಸಾಲಿನಲ್ಲಿ ಮೊದಲು ಫೈಲಿನ ಪೂರ್ತಿ ದಾರಿ ಇತ್ತು, ಯಾವ ಫೋಲ್ಡರ್, ಯಾವ ಫೈಲ್, ಎಷ್ಟನೇ ಸಾಲು ಅಂತ. ಆಮೇಲೆ ಡೇಟಾಬೇಸ್‌ಗೆ ಸೇರಿಸುವ ಫಂಕ್ಷನ್‌ನ ಹೆಸರು. ಅದರ ಮುಂದೆ ಉದ್ಧರಣ ಚಿಹ್ನೆಯೊಳಗೆ ನಾಲ್ಕು ಪದ. ಸರ್ವರ್ ಹೆಸರು. ರೂಟ್, ಅಂದರೆ ಎಲ್ಲ ಹಕ್ಕಿರುವ ಯೂಸರ್. ಮೂರನೆಯದು ಪಾಸ್‌ವರ್ಡ್. ನಾಲ್ಕನೆಯದು ಡೇಟಾಬೇಸ್ ಹೆಸರು.

ಪಾಸ್‌ವರ್ಡ್ ಪೂರ್ತಿ ಇತ್ತು. ಚುಕ್ಕಿ ಇಲ್ಲ, ನಕ್ಷತ್ರ ಇಲ್ಲ. ರೈತರ ಮಗನ ಮೊಬೈಲಿನಲ್ಲಿ, ಅಂಗಡಿಯ ವಾಟ್ಸಾಪ್ ಗುಂಪಿನಲ್ಲಿ, ಗುಮಾಸ್ತರ ಫೋನಿನಲ್ಲಿ, ಈಗ ನನ್ನ ಕೈಯಲ್ಲಿ. ಕೈ ತಣ್ಣಗಾಯಿತು.

ಆಮೇಲಿನ ಒಂದು ಗಂಟೆ ಹೇಗೆ ಹೋಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಇಂಥ ಸಮಯದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಕೈ ಹಿಡಿಯುವುದು. ಅದು ನನಗೆ ಅವತ್ತು ಗೊತ್ತಿರಲಿಲ್ಲ.

ಮೊದಲು ಸೈಟ್ ಮುಚ್ಚಿದೆ. 'ಸ್ವಲ್ಪ ಹೊತ್ತು ಸೇವೆ ಇರುವುದಿಲ್ಲ' ಅಂತ ಒಂದು ಸಾದಾ ಪುಟ ಹಾಕಿದೆ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿದೆ. ಅಷ್ಟೊತ್ತಿಗೆ ಸ್ವಲ್ಪ ಉಸಿರು ಬಂತು. ಪಾಸ್‌ವರ್ಡ್ ಹೊರಗೆ ಹೋದರೂ ಡೇಟಾಬೇಸ್ ಸರ್ವರ್ ಒಳಗೇ ಇದೆಯಲ್ಲ, ಹೊರಗಿನವರು ಮುಟ್ಟಲಿಕ್ಕೆ ಆಗದಲ್ಲ ಅಂತ ಒಂದು ಧೈರ್ಯ. ಖಾತ್ರಿ ಮಾಡಿಕೊಳ್ಳೋಣ ಅಂತ ಕಂಟೇನರ್‌ಗಳ ಪಟ್ಟಿ ನೋಡಿದೆ. ನಮ್ಮ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್‌ನ ಸಾಲಿನ ಮುಂದೆ 0.0.0.0:3306 ಅಂತ ಇತ್ತು. ಅದರ ಅರ್ಥ, ಜಗತ್ತಿನ ಯಾವ ಮೂಲೆಯಿಂದಲೂ ಆ ಬಾಗಿಲು ಬಡಿಯಬಹುದು.

ಆ ಬಾಗಿಲು ತೆಗೆದಿಟ್ಟದ್ದು ನಾನೇ. ಹೊಸ ಸರ್ವರ್‌ಗೆ ಬಂದ ಹೊಸದರಲ್ಲಿ ನನ್ನ ಲ್ಯಾಪ್‌ಟಾಪ್‌ನಿಂದ ಟೇಬಲ್ ನೋಡಲಿಕ್ಕೆ ಪೋರ್ಟ್ ಬಿಟ್ಟಿದ್ದೆ. ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದೆನಲ್ಲ, ಅದು ಬೇರೆಯವರನ್ನು ತಡೆಯುತ್ತದೆ ಅಂತ ನಂಬಿದ್ದೆ. ಡಾಕರ್ ತಾನು ತೆರೆಯುವ ಪೋರ್ಟ್‌ಗೆ ತನ್ನದೇ ಐಪಿಟೇಬಲ್ಸ್ ಅನ್ನುವ ಸಂಚಾರ ನಿಯಮ ಬರೆದುಕೊಳ್ಳುತ್ತದೆ. ಆ ದಾರಿಯಲ್ಲಿ ಬರುವವರು ಯುಎಫ್‌ಡಬ್ಲ್ಯೂ ಕಣ್ಣಿಗೇ ಬೀಳುವುದಿಲ್ಲ. ಮನೆ ಮುಂದೆ ಕಾವಲುಗಾರನನ್ನು ಕೂಡಿಸಿ ಹಿತ್ತಲ ಬಾಗಿಲಿಗೆ ಅಗುಳಿ ಹಾಕದೆ ಬಿಟ್ಟಂಗೆ. ಪೋರ್ಟ್ ಮುಚ್ಚಿದೆ.

ಯಾರಾದರೂ ಒಳಗೆ ಬಂದಿದ್ದರಾ? ಆ ಎರರ್ ಪೇಜ್ ಎಷ್ಟು ಜನರಿಗೆ, ಎಷ್ಟು ಹೊತ್ತು ಕಾಣಿಸಿತು? ಯಾರು ಯಾವಾಗ ಬಂದರು ಅಂತ ಸರ್ವರ್ ಬರೆದಿಡುವ ದಾಖಲೆ, ಲಾಗ್, ನೋಡಲಿಕ್ಕೆ ಹೋದೆ. ಲಾಗ್ ಇರಲಿಲ್ಲ. ಕಂಟೇನರ್ ಒಳಗಿನ ವೆಬ್ ಸರ್ವರ್ ಅಪಾಚೆ ತನ್ನ ಲಾಗನ್ನು ಡಾಕರ್‌ಗೆ ಕೊಡುತ್ತದೆ. ಕಂಟೇನರ್ ಅಳಿಸಿದರೆ ಡಾಕರ್ ಆ ಲಾಗನ್ನೂ ಅಳಿಸುತ್ತದೆ. ನಾನು ಗಡಿಬಿಡಿಯಲ್ಲಿ 'ಇಳಿಸಿ ಏರಿಸಿದ್ದು' ಅದನ್ನೇ ಮಾಡಿತ್ತು. ಬರೀ ರೀಸ್ಟಾರ್ಟ್ ಮಾಡಿದ್ದರೆ ಲಾಗ್ ಉಳಿಯುತ್ತಿತ್ತು. ಮೈಎಸ್‌ಕ್ಯೂಎಲ್‌ನ ಜನರಲ್ ಲಾಗ್ ಮೊದಲಿಂದಲೇ ಆಫ್ ಇರುತ್ತದೆ, ನಾನು ಆನ್ ಮಾಡಿರಲಿಲ್ಲ. ಆದ್ದರಿಂದ ಯಾರೂ ಬಂದಿಲ್ಲ ಅಂತ ಎದೆ ತಟ್ಟಿ ಹೇಳುವ ಒಂದು ಸಾಕ್ಷಿಯೂ ನನ್ನ ಹತ್ತಿರ ಉಳಿಯಲಿಲ್ಲ. ಬಂದಿದ್ದಾರೆ ಅಂತಲೇ ಹಿಡಿದು ಮುಂದಿನ ಕೆಲಸ ಮಾಡಬೇಕು ಅಂತ ನಿರ್ಧಾರ ಮಾಡಿದೆ.

ಬೈಕ್ ಹತ್ತಿ ಗಂಜಿಗೆ ಹೋದೆ. ಅಂಗಡಿ ಮುಂದೆ ತೊಗರಿ ರಾಶಿ, ಹಮಾಲರ ಓಡಾಟ, ತೂಕದ ಸದ್ದು. ಸಾವಕಾರ್ರು ಗಾದಿ ಮೇಲೆ ಕೂತಿದ್ದರು. ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

'ಸೈಟ್ ಕೆಡೋದು ಬ್ಯಾರೆ ಮಾತು ತಮ್ಮಾ. ಕೆಟ್ಟಾಗ ಅದು ಗಲ್ಲಾಪೆಟ್ಟಿಗೆ ಕೀಲಿ ಎಲ್ಲದ ಅಂತ ಯಾಕ ಹೇಳ್ತು?'

ನನಗೆ ಉತ್ತರ ಬರಲಿಲ್ಲ. ಅವರೇ ಮುಂದುವರಿಸಿದರು. 'ನಮ್ಮ ಹುಡುಗ ಹಮಾಲಿ ಮಾಡ್ತಾ ಎಡವಿ ಬಿದ್ದಾ ಅನ್ನು. ಬಿದ್ದೆ ಅಂತ ಕೂಗಬೇಕು. ತಿಜೋರಿ ನಂಬರ್ ಕೂಗಿದ್ರ ಹ್ಯಾಂಗ?'

'ತಪ್ಪು ನಂದೇ ಸಾವಕಾರ್ರೆ. ರೈತರಿಗೆ ಹೇಳಬೇಕಾಗ್ತದ್ರಿ.'

'ಹೇಳೋಣು. ಮುಚ್ಚಿಟ್ರ ನಾಳಿ ಯಾರೂ ಚೀಲ ಇಳಸಂಗಿಲ್ಲ.'

ಅವರು ಅಷ್ಟು ಬೇಗ ಒಪ್ಪುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಅಂಗಡಿಯಿಂದಲೇ ಎಲ್ಲ ರೈತರಿಗೂ ಕನ್ನಡದಲ್ಲಿ ಮೆಸೇಜ್ ಹೋಯಿತು. ಏನಾಯಿತು, ಯಾವ ಮಾಹಿತಿ ಹೊರಗೆ ಹೋಗಿರಬಹುದು, ಬ್ಯಾಂಕಿನವರು ಅಂತ ಯಾರಾದರೂ ಫೋನ್ ಹಚ್ಚಿ ಓಟಿಪಿ ಕೇಳಿದರೆ ಕೊಡಬೇಡಿ, ಅಂಗಡಿಗೆ ಬಂದು ಕೇಳಿ ಅಂತ. ಮೆಸೇಜ್ ಓದಲಿಕ್ಕೆ ಬಾರದವರಿಗೆ ಗುಮಾಸ್ತರು ಮೂರು ದಿನ ಫೋನ್ ಮಾಡಿದರು. ವಾಟ್ಸಾಪ್ ಗುಂಪಿನಿಂದ ಆ ಫೋಟೋ ತೆಗೆಸಿದೆವು. ತೆಗೆಸಿದ ಮಾತ್ರಕ್ಕೆ ಅದು ಎಲ್ಲರ ಫೋನಿಂದ ಹೋಗುವುದಿಲ್ಲ, ಆದರೂ ತೆಗೆಸಬೇಕಲ್ಲ.

ಇನ್ನೊಂದು ಕೆಲಸವೂ ಇತ್ತು. 2022ರ ಏಪ್ರಿಲ್ 28ರಂದು, ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಗಂಜಿನ ಕಟ್ಟೆ ಮೇಲೆ ಕೂತು ಫೋನಿನಲ್ಲೇ ವರದಿ ಬರೆದು ಕಳಿಸಿದೆ. ಲಾಗ್‌ಗಳು ಅನ್ನುವ ಕಡೆ ಬಂದಾಗ ಬೆರಳು ನಿಂತಿತು. ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಸಾವಕಾರ್ರ ಪ್ರಶ್ನೆಗೆ ಉತ್ತರ ಹುಡುಕಿದ್ದು ಅವತ್ತು ರಾತ್ರಿ. ಯಾಕೆ ಹೇಳಿತು?

ಹಳೆ ಸರ್ವರ್‌ನಲ್ಲಿ ಮೂರು ವರ್ಷ ಇದೇ ಕೋಡ್ ನಡೆದಿತ್ತು. ಅಲ್ಲೂ ಡೇಟಾಬೇಸ್ ಒಂದೆರಡು ಸಲ ಕೈಕೊಟ್ಟಿತ್ತು. ಆಗೆಲ್ಲ ಖಾಲಿ ಪುಟ ಬರುತ್ತಿತ್ತು, ಅಷ್ಟೇ. ಅದನ್ನು ನೋಡಿ ನನ್ನ ಕೋಡ್ ಬಾಯಿ ಬಿಗಿಹಿಡಿಯುತ್ತದೆ ಅಂತ ನಾನು ತಿಳಿದಿದ್ದೆ. ಬಾಯಿ ಕಟ್ಟಿದ್ದು ನನ್ನ ಕೋಡ್ ಅಲ್ಲ, ಆ ಹೋಸ್ಟಿಂಗ್‌ನವರ ಪಿಎಚ್‌ಪಿ ಸೆಟ್ಟಿಂಗ್. ಪಿಎಚ್‌ಪಿ ಅಂದರೆ ನನ್ನ ಕೋಡ್ ಬರೆದ ಭಾಷೆ. ಅದಕ್ಕೆ ಐಎನ್‌ಐ ಅನ್ನುವ ಒಂದು ಸೆಟ್ಟಿಂಗ್ ಫೈಲ್ ಇರುತ್ತದೆ. ಅದರಲ್ಲಿ ಡಿಸ್‌ಪ್ಲೇ ಎರರ್ಸ್ ಅನ್ನುವ ಸಾಲು ಆಫ್ ಇದ್ದರೆ ಎರರ್ ಪುಟದ ಮೇಲೆ ಬರುವುದಿಲ್ಲ. ಹಳೆಯ ಕಡೆ ಅದು ಆಫ್ ಇತ್ತು.

ಹೊಸ ಸರ್ವರ್‌ನಲ್ಲಿ ನಾನು ಡಾಕರ್‌ನ ಅಧಿಕೃತ ಪಿಎಚ್‌ಪಿ ಇಮೇಜ್, ಅಂದರೆ ಕಂಟೇನರ್ ಮಾಡುವ ಸಿದ್ಧ ಅಚ್ಚು, ತೆಗೆದುಕೊಂಡಿದ್ದೆ. ಅದರೊಳಗೆ ಎರಡು ಮಾದರಿ ಫೈಲ್ ಇರುತ್ತವೆ, ಒಂದು ಡೆವಲಪ್‌ಮೆಂಟ್‌ಗೆ (ಕೋಡ್ ಬರೆಯುವಾಗ), ಒಂದು ಪ್ರೊಡಕ್ಷನ್‌ಗೆ (ಜನ ಬಳಸುವಾಗ). ಆದರೆ ನಿಜವಾದ ಐಎನ್‌ಐ ಫೈಲ್ ಇರುವುದಿಲ್ಲ. ಯಾವುದು ಬೇಕೋ ನಾವೇ ಆರಿಸಿ, ಆ ಹೆಸರಿಗೆ ನಕಲು ಮಾಡಬೇಕು. ಮಾಡದಿದ್ದರೆ ಪಿಎಚ್‌ಪಿ ತನ್ನ ಹುಟ್ಟು ಸೆಟ್ಟಿಂಗ್‌ನಲ್ಲಿ ನಡೆಯುತ್ತದೆ. ಆ ಹುಟ್ಟು ಸೆಟ್ಟಿಂಗ್‌ನಲ್ಲಿ ಡಿಸ್‌ಪ್ಲೇ ಎರರ್ಸ್ ಆನ್. ನಾನು ನಕಲು ಮಾಡಿರಲಿಲ್ಲ. ಒಂದೇ ಸಾಲಿನ ಕೆಲಸ ಅದು.

ಅದೊಂದೇ ಆಗಿದ್ದರೆ ಎರರ್ ಕಾಣುತ್ತಿತ್ತು, ಪಾಸ್‌ವರ್ಡ್ ಕಾಣುತ್ತಿರಲಿಲ್ಲ. ಇನ್ನೂ ಮೂರು ಸಂಗತಿ ಸೇರಿಕೊಂಡವು. ಮೊದಲನೆಯದು, ಪಿಎಚ್‌ಪಿ 8.1ರಿಂದ, ಅದರಲ್ಲಿ ಡೇಟಾಬೇಸ್ ಜೊತೆ ಮಾತಾಡುವ ಭಾಗವಾದ ಮೈಎಸ್‌ಕ್ಯೂಎಲ್‌ಐ ಸಂಪರ್ಕ ಸಿಗದಿದ್ದರೆ ಬರೀ ವಾರ್ನಿಂಗ್ ಕೊಡುವುದಿಲ್ಲ, ಎಕ್ಸೆಪ್ಶನ್ ಎಸೆಯುತ್ತದೆ. ಅದನ್ನು ಕೋಡ್ ಹಿಡಿಯದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ನನ್ನ ಹಳೆ ಕೋಡ್ ವಾರ್ನಿಂಗ್ ಕಾಲದ್ದು, ಎಕ್ಸೆಪ್ಶನ್ ಹಿಡಿಯುವ ಬುಟ್ಟಿ ಅದಕ್ಕಿರಲಿಲ್ಲ. ಎರಡನೆಯದು, ಯಾರೂ ಹಿಡಿಯದ ಎಕ್ಸೆಪ್ಶನ್ ತನ್ನ ಜೊತೆ ಸ್ಟಾಕ್ ಟ್ರೇಸ್ ತರುತ್ತದೆ. ಯಾವ ಫಂಕ್ಷನ್ ಕರೆದರು, ಅದಕ್ಕೆ ಏನೇನು ಕೊಟ್ಟರು ಅಂತ. ಏನು ಕೊಟ್ಟರು ಅನ್ನುವುದನ್ನು ತೋರಿಸಬೇಡ ಅನ್ನುವ ಸೆಟ್ಟಿಂಗ್ 7.4ರಿಂದ ಇದೆ. ಪ್ರೊಡಕ್ಷನ್ ಮಾದರಿ ಫೈಲಿನಲ್ಲಿ ಅದು ಆನ್. ನನ್ನಲ್ಲಿ ಆ ಫೈಲೇ ಇಲ್ಲವಲ್ಲ.

ಮೂರನೆಯದು ನನ್ನನ್ನು ಜಾಸ್ತಿ ಕಾಡಿದ್ದು. ಟ್ರೇಸ್‌ನಲ್ಲಿ ಪದಗಳು ತುಂಬಾ ಉದ್ದ ಇದ್ದರೆ ಪಿಎಚ್‌ಪಿ ಮೊದಲ 15 ಅಕ್ಷರ ತೋರಿಸಿ ಮೂರು ಚುಕ್ಕಿ ಇಡುತ್ತದೆ. ನನ್ನ ಪಾಸ್‌ವರ್ಡ್‌ಗೆ 11 ಅಕ್ಷರ. ನಮ್ಮ ಬೆಳೆಯ ಹೆಸರು, ಒಂದು ಚಿಹ್ನೆ, ಒಂದು ಇಸವಿ. ಚುಕ್ಕಿ ಬೀಳುವಷ್ಟು ಉದ್ದವೇ ಇರಲಿಲ್ಲ.

ಸರಿಯಾಗಿ ಒಂದು ತಿಂಗಳ ಹಿಂದೆ, 2022ರ ಡಿಸೆಂಬರ್‌ನಲ್ಲಿ ಪಿಎಚ್‌ಪಿ 8.2 ಬಂದಿತ್ತು. ಅದರಲ್ಲಿ ಇಂಥ ಗುಟ್ಟಿನ ಮೌಲ್ಯಗಳಿಗೆ ಗುರುತು ಹಾಕುವ ವ್ಯವಸ್ಥೆ ಇದೆ. ಪಾಸ್‌ವರ್ಡ್ ಜಾಗದಲ್ಲಿ ಪಾಸ್‌ವರ್ಡ್ ಬದಲು 'ಸೆನ್ಸಿಟಿವ್ ಪ್ಯಾರಾಮೀಟರ್ ವ್ಯಾಲ್ಯೂ' ಅನ್ನುವ ಪದ ಬರುತ್ತದೆ. ಅಂದರೆ ನನ್ನ ಹಾಗೆ ಸಿಕ್ಕಿಬಿದ್ದವರು ಜಗತ್ತಿನ ತುಂಬ ಇದ್ದರು, ಅದಕ್ಕೇ ಆ ಭಾಷೆ ಮಾಡಿದವರೇ ಕೈ ಹಾಕಬೇಕಾಯಿತು.

ಕನೆಕ್ಷನ್ ಯಾಕೆ ತುಂಬಿತು ಅನ್ನುವುದು ಸಣ್ಣ ಕಥೆ. ಸೆಟ್ಟಿಂಗ್ ಬದಲಾಯಿಸದಿದ್ದರೆ ಮೈಎಸ್‌ಕ್ಯೂಎಲ್ ಒಮ್ಮೆಗೆ 151 ಸಂಪರ್ಕ ಕೊಡುತ್ತದೆ. ನನ್ನ ಪ್ರತಿ ಪುಟ ಎರಡು ಸಂಪರ್ಕ ತೆರೆಯುತ್ತಿತ್ತು, ತಲೆಬರಹದ ಫೈಲಿನಲ್ಲಿ ಒಂದು, ಪುಟದಲ್ಲಿ ಇನ್ನೊಂದು. ಒಂದಕ್ಕೆ ಇಳಿಸಿದೆ, ಮುಗಿಯಿತು.

ಮರುದಿನದಿಂದ ರಿಪೇರಿ. ಪ್ರೊಡಕ್ಷನ್ ಐಎನ್‌ಐ ಹಾಕಿದೆ. ಡಿಸ್‌ಪ್ಲೇ ಆಫ್, ಲಾಗ್ ಆನ್. ಆಫ್ ಮಾಡಿ ಸುಮ್ಮನಾಗುವವರೂ ಇದ್ದಾರೆ, ಅದು ಅರ್ಧ ಕೆಲಸ. ಪುಟದ ಮೇಲೆ ಏನೂ ಬರದೆ, ಲಾಗ್‌ನಲ್ಲೂ ಏನೂ ಇಲ್ಲದಿದ್ದರೆ ಸೀಸನ್ ನಡುವೆ ಕುರುಡರ ಹಾಗೆ ತಡಕಾಡಬೇಕಾಗುತ್ತದೆ. ಆಗ ಯಾರೋ ಒಬ್ಬರು 'ಒಂದೇ ನಿಮಿಷ' ಅಂತ ಡಿಸ್‌ಪ್ಲೇ ಮತ್ತೆ ಆನ್ ಮಾಡುತ್ತಾರೆ. ಆ ಒಂದು ನಿಮಿಷ ವರ್ಷಗಟ್ಟಲೆ ಉಳಿಯುತ್ತದೆ.

ಡೇಟಾಬೇಸ್‌ಗೆ ರೂಟ್ ಬಳಸುವುದು ಬಿಟ್ಟೆ. ಈ ಆಪ್‌ಗೆ ಬೇಕಾದ ಟೇಬಲ್‌ಗಳನ್ನು ಓದಿ ಬರೆಯುವಷ್ಟೇ ಹಕ್ಕಿರುವ ಬೇರೆ ಯೂಸರ್ ಮಾಡಿದೆ. ಪಾಸ್‌ವರ್ಡ್ ಕೋಡಿನಿಂದ ಹೊರಗೆ ಬಂತು.

ಆಮೇಲೆ ಎರರ್ ಪೇಜ್. ಯಾವ ಎಕ್ಸೆಪ್ಶನ್ ಆದರೂ ಕೊನೆಗೆ ಒಂದೇ ಜಾಗಕ್ಕೆ ಬಂದು ಬೀಳುವ ಹಾಗೆ ಒಂದು ಹ್ಯಾಂಡ್ಲರ್ ಬರೆದೆ. ಎಕ್ಸೆಪ್ಶನ್ ಅಲ್ಲದ ಫೇಟಲ್ ಎರರ್‌ಗಳಿಗೆ, ಅಂದರೆ ಮೆಮೊರಿ ಮುಗಿಯಿತು ಅನ್ನುವಂಥವಕ್ಕೆ, ಶಟ್‌ಡೌನ್ ಫಂಕ್ಷನ್ ಬೇರೆ ಬೇಕು. ಎರಡೂ ಕಡೆಯಿಂದ ಒಂದೇ ಕೆಲಸ: ವಿವರವೆಲ್ಲ ಲಾಗ್‌ಗೆ, ರೈತರಿಗೆ ಒಂದು ಸಾದಾ ಪುಟ. 'ಈಗ ಪಟ್ಟಿ ತೋರಿಸಲು ಆಗುತ್ತಿಲ್ಲ. ನಿಮ್ಮ ಲೆಕ್ಕಕ್ಕೆ ಏನೂ ಆಗಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಇಲ್ಲವೇ ಅಂಗಡಿಗೆ ಫೋನ್ ಮಾಡಿ ಈ ನಂಬರ್ ಹೇಳಿ.' ಕೆಳಗೆ ಒಂದು ನಂಬರ್. ಅದೇ ನಂಬರ್ ಲಾಗ್‌ನಲ್ಲಿ ಆ ಎರರ್ ಪಕ್ಕ ಇರುತ್ತದೆ.

'ನಿಮ್ಮ ಲೆಕ್ಕಕ್ಕೆ ಏನೂ ಆಗಿಲ್ಲ' ಅನ್ನುವ ಸಾಲು ಹಾಕಿಸಿದ್ದು ಗುಮಾಸ್ತರು. ಪರದೆ ಕೆಟ್ಟರೆ ರೈತರು ಮೊದಲು ಹೆದರುವುದು ದುಡ್ಡು ಹೋಯಿತಾ ಅಂತ, ಅಲ್ವಾ? ಅದು ನನಗೆ ಹೊಳೆದಿರಲಿಲ್ಲ. ಆದರೆ ಒಂದು ಮಾತು ಆಮೇಲೆ ಹೊಳೆಯಿತು. ಬರೆಯುವ ನಡುವೆ ಎರರ್ ಆದರೆ ಲೆಕ್ಕ ಅರ್ಧಕ್ಕೆ ನಿಲ್ಲಬಹುದು, ಆಗ ಆ ಸಾಲು ಸುಳ್ಳಾಗುತ್ತದೆ. ಪಟ್ಟಿ ಬರೆಯುವ ಕಡೆಯೆಲ್ಲ ಟ್ರಾನ್ಸಾಕ್ಷನ್ ಹಾಕಿದೆ, ಪೂರ್ತಿ ಆದರೆ ಆಯಿತು, ಇಲ್ಲದಿದ್ದರೆ ಏನೂ ಆಗಿಲ್ಲ. ಒಂದು ಸಾಲಿನ ಮಾತು ನಿಜ ಆಗಲಿ ಅಂತ ಎರಡು ದಿನದ ಕೆಲಸ ಹಿಡಿಯಿತು. ಹಿಡಿಯಲಿ.

ಪುಟ ತಯಾರಾದ ಮೇಲೆ ಡೇಟಾಬೇಸ್ ಕಂಟೇನರ್ ನಿಲ್ಲಿಸಿ ಪರೀಕ್ಷೆ ಮಾಡಿದೆ. ಖಾಲಿ ಪರದೆ ಬಂತು. ಯಾಕೆ ಅಂತ ನೋಡಿದರೆ ನನ್ನ ಚೆಂದದ ಎರರ್ ಪೇಜ್ ಅದೇ ತಲೆಬರಹದ ಫೈಲನ್ನು ಸೇರಿಸಿಕೊಂಡಿತ್ತು, ಅದು ಡೇಟಾಬೇಸ್ ಹುಡುಕುತ್ತಿತ್ತು. ಎರರ್ ಪೇಜಿಗೇ ಎರರ್. ಅದನ್ನು ಯಾವುದನ್ನೂ ಅವಲಂಬಿಸದ ಒಂದು ಬಿಡಿ ಎಚ್‌ಟಿಎಂಎಲ್ ಫೈಲ್ ಮಾಡಿದೆ. ಅದರ ಜೊತೆ 500 ಅನ್ನುವ ಸ್ಟೇಟಸ್ ಕೋಡ್ ಹೋಗುವುದನ್ನೂ ಖಾತ್ರಿ ಮಾಡಿಕೊಂಡೆ. 200 ಹೋದರೆ ಎಲ್ಲ ಸರಿ ಇದೆ ಅಂತ ಅರ್ಥ. ಸರ್ಚ್ ಎಂಜಿನ್ ಅದನ್ನು ಒಳ್ಳೆ ಪುಟ ಅಂತ ಎತ್ತಿಟ್ಟುಕೊಳ್ಳಬಹುದು, ಸೈಟ್ ಬಿದ್ದಿದೆ ಅಂತ ನಮಗೆ ಎಚ್ಚರಿಸುವ ಮಾನಿಟರ್ ಸುಮ್ಮನಿರಬಹುದು.

ನಂತರದ ಒಂದು ವಾರ ನಾನು ಮಾಡಿದ್ದು ನನ್ನದೇ ಸೈಟನ್ನು ಕೆಡಿಸುವ ಕೆಲಸ. ಸಂಜೆ ಗಂಜಿನ ವ್ಯವಹಾರ ಮುಗಿದ ಮೇಲೆ, ಪರೀಕ್ಷೆಗೆಂದೇ ಮಾಡಿದ ನಕಲಿನ ಮೇಲೆ. ಪಟ್ಟಿ ನಂಬರ್ ಜಾಗದಲ್ಲಿ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿದೆ. ಎರಡು ಹಳೆ ಪುಟಗಳಲ್ಲಿ 'ಯೂ ಹ್ಯಾವ್ ಆನ್ ಎರರ್ ಇನ್ ಯುವರ್ ಎಸ್‌ಕ್ಯೂಎಲ್ ಸಿಂಟ್ಯಾಕ್ಸ್' ಅನ್ನುವ ಮೈಎಸ್‌ಕ್ಯೂಎಲ್‌ನ ಮಾತು ಲಾಗ್‌ನಲ್ಲಿ ಬಂತು. ಅಂದರೆ ಅಲ್ಲಿ ಬಳಕೆದಾರರು ಟೈಪ್ ಮಾಡಿದ್ದು ನೇರ ಕ್ವೆರಿಯೊಳಗೆ, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶದೊಳಗೆ, ಹೋಗುತ್ತಿದೆ. ಇದು ಎರರ್ ಪೇಜಿನ ರೋಗ ಅಲ್ಲ, ಎಸ್‌ಕ್ಯೂಎಲ್ ಇಂಜೆಕ್ಷನ್‌ನ ರೋಗ. ಆದರೆ ಈ ಎರಡೂ ಕೂಡಿದರೆ ಭಾರಿ ಅಪಾಯ. ಎರರ್ ಮಾತು ಪುಟದ ಮೇಲೆ ಬರುತ್ತಿದ್ದರೆ, ಆ ಮಾತಿನೊಳಗೇ ಟೇಬಲ್ಲಿನ ಮಾಹಿತಿ ತುಂಬಿಸಿ ಹೊರಗೆಳೆಯುವ ದಾರಿ ಇದೆ. ಎರಡೂ ಪುಟವನ್ನು, ಟೈಪ್ ಮಾಡಿದ್ದನ್ನು ಆದೇಶದಿಂದ ಬೇರೆಯಾಗಿಯೇ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ ಬದಲಾಯಿಸಿದೆ.

ಅಕ್ಷರ ಬರಬೇಕಾದ ಕಡೆ ಅರೇ, ಅಂದರೆ ಮೌಲ್ಯಗಳ ಸಾಲು, ಕಳಿಸಿದೆ. ಲಾಗಿನ್ ನೆನಪಿಡುವ ಸೆಷನ್ ಕುಕಿಯಲ್ಲಿ ಇರಬಾರದ ಚಿಹ್ನೆ ತುರುಕಿದೆ. ಇವೆಲ್ಲ ಮೊದಲಾಗಿದ್ದರೆ ಫೋಲ್ಡರ್ ದಾರಿ ಸಮೇತ ವಾರ್ನಿಂಗ್ ಉಗುಳುತ್ತಿದ್ದವು. ಈಗ ಆ ವಿವರ ಯಾವುದೂ ಪುಟದ ಮೇಲೆ ಬರಲಿಲ್ಲ. ಒಂದು ಕಡೆ ಮಾತ್ರ ತಪ್ಪಿಸಿಕೊಂಡಿತ್ತು. ಗುಮಾಸ್ತರ ಮೊಬೈಲ್ ಆಪ್‌ಗೆ ಉತ್ತರ ಕೊಡುವ ಜೇಸನ್ (ಆಪ್‌ಗಳು ಓದುವ ಮಾಹಿತಿ ರೂಪ) ಭಾಗ. ಅಲ್ಲಿ ನಾನೇ ಎಕ್ಸೆಪ್ಶನ್ ಹಿಡಿದು, ಅದರ ಮಾತನ್ನು ಹಾಗೇ ಉತ್ತರದಲ್ಲಿ ಹಾಕಿ ಕಳಿಸುತ್ತಿದ್ದೆ. ಕಣ್ಣಿಗೆ ಪುಟ ಕಾಣುವುದಿಲ್ಲ ಅಂದರೆ ಸೋರುವುದಿಲ್ಲ ಅಂತಲ್ಲ. ಅಲ್ಲಿಗೂ ಒಂದು ಸಾಲಿನ ಮಾತು ಮತ್ತು ನಂಬರ್ ಅಷ್ಟೇ ಹೋಗುವ ಹಾಗೆ ಮಾಡಿದೆ.

ಅಪಾಚೆ ತನ್ನ ವರ್ಷನ್ ಹೇಳಿಕೊಳ್ಳುವುದನ್ನೂ, ಪಿಎಚ್‌ಪಿ ಹೆಡರ್‌ನಲ್ಲಿ ತನ್ನ ಹೆಸರು ಕಳಿಸುವುದನ್ನೂ ಬಂದ್ ಮಾಡಿದೆ. ಇದರಿಂದ ದೊಡ್ಡ ರಕ್ಷಣೆ ಏನಿಲ್ಲ. ಹೇಳುವ ಅಗತ್ಯವೂ ಇಲ್ಲ.

ಲಾಗಿನ್ ಪುಟದ ಹತ್ತಿರ ಬಂದಾಗ ನನಗೆ ಅದು ಸರಿ ಇದೆ ಅಂತಲೇ ಅನ್ನಿಸಿತ್ತು. ನಂಬರ್ ಹಾಕಿದರೆ ಎರಡರಲ್ಲಿ ಒಂದು ಮಾತು. 'ಓಟಿಪಿ ಕಳಿಸಿದ್ದೇವೆ' ಅಥವಾ 'ಈ ನಂಬರ್ ನಮ್ಮಲ್ಲಿ ನೋಂದಣಿ ಆಗಿಲ್ಲ'. ಸಾವಕಾರ್ರ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದವನು ಕೇಳಿದ, 'ಅಣ್ಣಾ, ಪಕ್ಕದ ಅಂಗಡಿಯವ್ರು ತಮ್ಮ ಹತ್ತಿರ ಇರೋ ನಂಬರ್ ಒಂದೊಂದೇ ಹಾಕಿ ನೋಡಿದ್ರ, ಯಾವ ರೈತ ನಮ್ಮ ಕಡೆ ಮಾಲ್ ಹಾಕ್ತಾನ ಅಂತ ಗೊತ್ತಾಗ್ತದಲ್ಲ?'

ಹೌದು, ಗೊತ್ತಾಗುತ್ತದೆ. ಗಂಜಿನಲ್ಲಿ ಅದು ಪಾಸ್‌ವರ್ಡ್‌ನಷ್ಟೇ ಬೆಲೆಬಾಳುವ ಗುಟ್ಟು. ಎರರ್ ಮಾತಿನಲ್ಲಿ ಸೋರುವುದು ಬರೀ ತಾಂತ್ರಿಕ ವಿಷಯ ಅಂತ ತಿಳಿದಿದ್ದ ನನ್ನ ಕಣ್ಣು ತೆರೆಸಿದ್ದು ಆ ಹುಡುಗ. ಈಗ ಎಲ್ಲರಿಗೂ ಒಂದೇ ಉತ್ತರ: 'ಈ ನಂಬರ್ ನಮ್ಮಲ್ಲಿ ಇದ್ದರೆ ಓಟಿಪಿ ಬರುತ್ತದೆ. ಎರಡು ನಿಮಿಷದಲ್ಲಿ ಬರದಿದ್ದರೆ ಅಂಗಡಿಗೆ ಫೋನ್ ಮಾಡಿ.' ಇದರಿಂದ ತಪ್ಪು ನಂಬರ್ ಹಾಕಿದ ರೈತರು ಎರಡು ನಿಮಿಷ ಸುಮ್ಮನೆ ಕಾಯಬೇಕು. ಅದು ನಷ್ಟವೇ. ಲೆಕ್ಕ ಹಾಕಿ, ಆ ನಷ್ಟ ಒಪ್ಪಿಕೊಂಡೆವು. ಇಷ್ಟಾದರೂ ಒಂದು ವ್ಯತ್ಯಾಸ ಉಳಿದಿತ್ತು. ನೋಂದಣಿ ಆದ ನಂಬರಿಗೆ ಎಸ್‌ಎಂಎಸ್ ಹೋಗುವ ತನಕ ಪುಟ ಎರಡು ಸೆಕೆಂಡ್ ನಿಲ್ಲುತ್ತಿತ್ತು, ಇಲ್ಲದ ನಂಬರಿಗೆ ತಟ್ಟನೆ ಉತ್ತರ ಬರುತ್ತಿತ್ತು. ಗಡಿಯಾರ ನೋಡಿದರೆ ಗುಟ್ಟು ಸಿಗುತ್ತದೆ. ಎಸ್‌ಎಂಎಸ್ ಕಳಿಸುವುದನ್ನು ಹಿಂದೆ ಸರದಿಗೆ ಹಾಕಿ, ಉತ್ತರ ಎರಡಕ್ಕೂ ತಕ್ಷಣ ಕೊಡುವ ಹಾಗೆ ಮಾಡಿದೆ.

ಎರಡು ಎರರ್‌ಗಳ ನಡುವಿನ ಸಣ್ಣ ಫರಕು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ 2010ರಲ್ಲಿ ಮೈಕ್ರೋಸಾಫ್ಟ್‌ನ ವೆಬ್ ಚೌಕಟ್ಟು ಎಎಸ್‌ಪಿ ಡಾಟ್ ನೆಟ್‌ನಲ್ಲಿ ಸಿಕ್ಕ ದೋಷ ಓದಿದರೆ ಸಾಕು. ಗೂಢಲಿಪಿ ಮಾಡಿದ ಮಾಹಿತಿಯನ್ನು ಸ್ವಲ್ಪ ಬದಲಾಯಿಸಿ ಕಳಿಸಿದಾಗ ಸರ್ವರ್ ಕೊಡುವ ಎರರ್‌ಗಳ ವ್ಯತ್ಯಾಸ ನೋಡಿಯೇ, ಕೀಲಿ ಇಲ್ಲದೆ ಅದನ್ನು ಬಿಡಿಸಬಹುದಿತ್ತು. ತಿದ್ದುಪಡಿ ಬರುವ ತನಕ ಮೈಕ್ರೋಸಾಫ್ಟ್ ಕೊಟ್ಟ ತಾತ್ಕಾಲಿಕ ಉಪಾಯ, ಯಾವ ಎರರ್ ಆದರೂ ಒಂದೇ ಪುಟ ತೋರಿಸಿ ಅನ್ನುವುದು.

ಲಾಗ್ ಬಗ್ಗೆಯೂ ಒಂದು ಮಾತು. ಪುಟದಿಂದ ತೆಗೆದದ್ದನ್ನೆಲ್ಲ ಲಾಗ್‌ಗೆ ಸುರಿದರೆ ಗುಟ್ಟಿನ ಜಾಗ ಬದಲಾಯಿತು, ಅಷ್ಟೇ. ನನ್ನ ಮೊದಲ ಹ್ಯಾಂಡ್ಲರ್ ಫಾರ್ಮಿನಲ್ಲಿ ಬಂದದ್ದನ್ನೆಲ್ಲ ಬರೆದಿಡುತ್ತಿತ್ತು, ಓಟಿಪಿ, ಖಾತೆ ನಂಬರ್ ಸಮೇತ. ಈಗ ಓಟಿಪಿ ಬರೆಯುವುದೇ ಇಲ್ಲ, ಖಾತೆ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ. ಲಾಗ್ ಫೈಲ್ ವೆಬ್ ಫೋಲ್ಡರಿನ ಹೊರಗೆ ಇದೆ, ಕಂಟೇನರ್ ಹೋದರೂ ಉಳಿಯುತ್ತದೆ, 180 ದಿನ ಇರುತ್ತದೆ.

ಇಲ್ಲಿಯ ಎಂಜಿನಿಯರಿಂಗ್ ಓದುವ ಹುಡುಗರು ಪ್ರಾಜೆಕ್ಟ್ ತೋರಿಸಲಿಕ್ಕೆ ಬಂದಾಗ ಈಗ ಮೊದಲು ನಾನು ನೋಡುವುದು ಇದನ್ನೇ. ಜಾಂಗೋ, ಲಾರಾವೆಲ್ ಅನ್ನುವ ವೆಬ್ ಚೌಕಟ್ಟುಗಳಲ್ಲಿ ಎರರ್ ವಿವರ ತೋರಿಸುವ ಡಿಬಗ್ ಸೆಟ್ಟಿಂಗ್ ಇರುತ್ತದೆ. ಜಾಂಗೋ ಆದರೆ ಡಿಬಗ್ ಟ್ರೂ ಇದೆಯಾ, ಲಾರಾವೆಲ್ ಆದರೆ ಆಪ್ ಡಿಬಗ್ ಟ್ರೂ ಇದೆಯಾ ಅಂತ. ಜಾಂಗೋ ಪಾಸ್‌ವರ್ಡನ್ನು ಮರೆಮಾಡುತ್ತದಲ್ಲ ಅಂತ ಒಬ್ಬ ವಾದಿಸಿದ. ಹೌದು, ಹೆಸರಿನಲ್ಲಿ ಪಾಸ್, ಕೀ, ಸೀಕ್ರೆಟ್, ಟೋಕನ್ ಅಂತ ಇರುವ ಸೆಟ್ಟಿಂಗ್‌ಗಳ ಮೇಲೆ ನಕ್ಷತ್ರ ಹಾಕುತ್ತದೆ. ಅವನ ಫಂಕ್ಷನ್ ಒಳಗಿನ ವೇರಿಯಬಲ್‌ಗಳನ್ನು ಮರೆಮಾಡುವುದಿಲ್ಲ. ಅಲ್ಲೇ ಎರರ್ ಮಾಡಿಸಿ ತೋರಿಸಿದೆ, ಅವನ ಎಸ್‌ಎಂಎಸ್ ಸೇವೆಯ ಕೀಲಿ ಪರದೆ ಮೇಲೆ ಬಂತು. ಲಾರಾವೆಲ್‌ನಲ್ಲಿ ಇನ್ನೂ ಕೆಟ್ಟದ್ದಾಗಿದೆ. 2021ರಲ್ಲಿ ಅದರ ಇಗ್ನಿಷನ್ ಎರರ್ ಪುಟದಲ್ಲಿದ್ದ ದೋಷದಿಂದ, ಡಿಬಗ್ ಆನ್ ಇಟ್ಟ ಸೈಟ್‌ಗಳಲ್ಲಿ ಹೊರಗಿನವರು ತಮ್ಮ ಕೋಡನ್ನೇ ನಡೆಸಬಹುದಾಗಿತ್ತು. ನೋಡಲಿಕ್ಕೆ ಅಂತ ಇಟ್ಟ ಪುಟವೇ ಒಳಬರುವ ಬಾಗಿಲಾಯಿತು.

ಫೆಬ್ರವರಿ ಎರಡನೇ ವಾರ. ಎರರ್ ನಂಬರ್ ಬಗ್ಗೆ ಹೇಳುವುದು ಮರೆತಿದ್ದೆ. ಮೊದಲು ನಾನು ಹಾಕಿದ್ದು 32 ಇಂಗ್ಲಿಷ್ ಅಕ್ಷರ, ಅಂಕಿ ಬೆರೆತ ಉದ್ದ ಸಾಲು. ಫೋನಿನಲ್ಲಿ ಅದನ್ನು ಯಾರು ಓದಿ ಹೇಳುತ್ತಾರೆ? ಗುಮಾಸ್ತರು ಬೈದ ಮೇಲೆ ಬರೀ ಆರು ಅಂಕಿ ಮಾಡಿದೆ.

ಅವತ್ತು ಗುಮಾಸ್ತರ ಫೋನ್ ಬಂತು. ಸ್ಪೀಕರ್‌ನಲ್ಲಿ ಆಳಂದ ಕಡೆಯ ಒಬ್ಬ ಅಜ್ಜ ಇದ್ದರು. ಪಟ್ಟಿ ತೆರೆದರೆ ಬರುತ್ತಿಲ್ಲ, ಒಂದು ನಂಬರ್ ಬಂದದ ಅಂದರು. ಮೊಮ್ಮಗಳು ಪಕ್ಕದಲ್ಲಿ ಓದುತ್ತಿದ್ದಳು, ಅಜ್ಜ ಜೋರಾಗಿ ಒಪ್ಪಿಸುತ್ತಿದ್ದರು. 'ನಾಕು. ಸೊನ್ನೆ. ಏಳು. ಏಳು. ಒಂದು. ಒಂಬತ್ತು.'

ಲಾಗ್‌ನಲ್ಲಿ ಹುಡುಕಿದೆ. ಒಂದೇ ಸಾಲು ಸಿಕ್ಕಿತು. ಅವರ ಒಂದು ಚೀಲದ ತೂಕದ ಜಾಗ ಖಾಲಿ ಉಳಿದಿತ್ತು, ಲೆಕ್ಕ ಅಲ್ಲಿ ಮುಗ್ಗರಿಸಿತ್ತು. ಗುಮಾಸ್ತರು ಚೀಟಿ ನೋಡಿ ತೂಕ ತುಂಬಿದರು.

'ಈಗ ನೋಡ್ರಿ ಅಜ್ಜಾರ.'

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೊಮ್ಮಗಳ ದನಿ, ಒಂದೊಂದೇ ಚೀಲದ ತೂಕ ಓದಿ ಹೇಳುತ್ತಿತ್ತು.